ಸಕ್ಕರೆ ಕಾಯಿಲೆಯ ನಾಯಿಗೆ ಅಳತೆಯ ಊಟ

ಮನೆ-ತೋಟ ಕಾಯುವ ನಾಯಿ ಹೊಟ್ಟೆತುಂಬ ತಿಂದೂ ಸೊರಗುತ್ತಿದೆಯೇ? ಪದೇ ಪದೇ ನೀರು ಕುಡಿದು ಮೂತ್ರ ಮಾಡುತ್ತಿದೆಯೇ? ಸಕ್ಕರೆ ಕಾಯಿಲೆ ಇರಬಹುದು. ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನಲ್ಲಾಗಲಿ, ಸಮೀಪದ ಪಶು ಆಸ್ಪತ್ರೆಯಲ್ಲಾಗಲಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಿರಿ.

ಪಥ್ಯವೊಂದೇ ಸಾಲದು, ಇನ್ಸುಲಿನ್ ಸೂಜಿಮದ್ದೂ ಬೇಕು. 1921ರಲ್ಲಿ ಟೊರಾಂಟೊದಲ್ಲಿ ಆ ಮದ್ದು ದೊರೆತದ್ದು ನಾಯಿಗಳ ಮೇಲಿನ ಪ್ರಯೋಗದಿಂದಲೇ. ಸಾಮಾನ್ಯವಾಗಿ 12 ಗಂಟೆಗೊಮ್ಮೆ ಒಂದೇ ಅಳತೆಯ ಊಟ, ಅದರ ಬೆನ್ನಿಗೆ ಸೂಜಿ. ಅನ್ನ, ಮುದ್ದೆ ಮಿತವಾಗಿರಲಿ. ಬೇಯಿಸಿದ ಕೊಬ್ಬಿಲ್ಲದ ಮಾಂಸ, ಹುರುಳಿಕಾಯಿ ಸೇರಿಸಿರಿ. ಬೆಲ್ಲ, ಪಾಯಸ, ಬಿಸ್ಕತ್ತು, ಈರುಳ್ಳಿ ಬೇಡ.

ನಾಯಿ ಊಟ ಬಿಟ್ಟ ದಿನ ವೈದ್ಯರನ್ನು ಕೇಳದೆ ಸೂಜಿ ಹಾಕಬೇಡಿರಿ. ಸೂಜಿಯ ನಂತರ ತೂರಾಡಿದರೆ ರಕ್ತದ ಸಕ್ಕರೆ ತೀರ ಇಳಿದಿದೆಯೆಂದು ತಿಳಿದು, ಒಸಡಿಗೆ ಜೇನು ಸವರಿ ಕೂಡಲೇ ವೈದ್ಯರಲ್ಲಿಗೆ ಒಯ್ಯಿರಿ.