ಅಂಗಡಿಯ ಲೆಕ್ಕದಲ್ಲಿ ನೀರಿಗೂ ಒಂದು ಪುಟವಿರಲಿ

ಅರಸೀಕೆರೆಯ ಹೆಸರಿನಲ್ಲೇ ಕೆರೆಯಿದೆ. ಹಳೇಬೀಡಿನ ಹಿಂದಿನ ಹೆಸರು ದ್ವಾರಸಮುದ್ರ. ಅದೂ ಅಲ್ಲಿನ ದೊಡ್ಡ ಕೆರೆಯ ನೆನಪನ್ನೇ ಹೊತ್ತಿದೆ. ಬೇಲೂರು ಯಗಚಿ ನದಿಯ ದಡದ ಊರು. ಹೀಗೆ ನೀರನ್ನು ನಂಬಿ ಬೆಳೆದ ಊರುಗಳಲ್ಲೂ ಬೇಸಿಗೆ ಬಂತೆಂದರೆ ವ್ಯಾಪಾರಿಗೆ ನೀರಿನದೇ ಚಿಂತೆ. ಅದರಲ್ಲೂ ಬಯಲುಸೀಮೆಯ ಅರಸೀಕೆರೆಯ ಕಷ್ಟ ಹೆಚ್ಚಿನದು. ನಲ್ಲಿ ನೀರಿನ ಸರದಿ ದೂರವಾಗುತ್ತದೆ, ಕೊಳವೆಬಾವಿ ಬತ್ತುತ್ತದೆ, ಟ್ಯಾಂಕರಿನ ದಾರಿ ಕಾಯಬೇಕಾಗುತ್ತದೆ.

2023ರ ಬರದಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅದರ ಬೆನ್ನಿಗೇ, 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ ಕಟ್ಟಡ ಕಟ್ಟುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ಹೋಟೆಲು ಮತ್ತಿತರ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಅಳವಡಿಸುವುದನ್ನು ಕಡ್ಡಾಯ ಮಾಡಿತು. ನಲ್ಲಿಯ ಬಾಯಿಗೆ ತಿರುಗಿಸಿ ಕೂರಿಸುವ ಈ ಸಣ್ಣ ಜಾಲರಿ ನೀರಿನೊಂದಿಗೆ ಗಾಳಿ ಬೆರೆಸಿ, ಕಡಿಮೆ ನೀರಿನಲ್ಲೇ ಕೈ ತೊಳೆಯುವಂತೆ ಮಾಡುತ್ತದೆ. ನಮ್ಮ ಊರಿಗೂ ಇಂಥ ಆದೇಶ, ದಂಡ ಬರಲಿ ಎಂದು ನಾವು ಕಾಯಬೇಕೇ?

ಒಂದು ರೂಪಾಯಿ ಉದ್ರಿಯನ್ನೂ ಬರೆದಿಡುವ ವ್ಯಾಪಾರಿ ಎಷ್ಟು ನೀರು ಖರ್ಚಾಯಿತೆಂದು ಬರೆಯುವುದಿಲ್ಲ. ಮೊದಲು ಆಗಬೇಕಾದದ್ದು ಅದೇ. ರಾತ್ರಿ ಅಂಗಡಿ ಮುಚ್ಚುವಾಗ ತೊಟ್ಟಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ನೋಡಿರಿ. ಯಾರೂ ಬಳಸದೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ನಲ್ಲಿಯ ಒಂದು ವಾಷರ್ ಬದಲಿಸುವ ಖರ್ಚು ಟ್ಯಾಂಕರಿನ ಬಾಡಿಗೆಯ ಮುಂದೆ ಏನೂ ಅಲ್ಲ.

ಹೋಟೆಲಿನವರು ತುಂಬಿದ ಲೋಟ ಇಡುವ ಬದಲು ಮೇಜಿನ ಮೇಲೆ ಜಗ್ ಇಡಲಿ. ದಿನಕ್ಕೆ 300 ಗಿರಾಕಿಗಳು ತಲಾ 100 ಮಿಲಿಲೀಟರ್ ಬಿಟ್ಟೆದ್ದರೆ 30 ಲೀಟರ್ ಕುಡಿಯುವ ನೀರು ಚರಂಡಿ ಪಾಲು. ತಟ್ಟೆಯ ಮುಸುರೆಯನ್ನು ಮೊದಲು ಒಣದಾಗಿಯೇ ಬಳಿದು ತೆಗೆಯಿರಿ. ಹರಿಯುವ ನಲ್ಲಿಯಡಿ ತೊಳೆಯದೆ ಮೂರು ತೊಟ್ಟಿಗಳಲ್ಲಿ ತೊಳೆಯಿರಿ. ಕೊನೆಯದು ಮಾತ್ರ ಸದಾ ಶುದ್ಧ ನೀರಾಗಿರಲಿ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ದನಗಳಿಗೆ ಹೋಗಲಿ. ನೀರು ಶುದ್ಧೀಕರಿಸುವ ಯಂತ್ರ ಹೊರಬಿಡುವ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಹಿಡಿದಿಡಿ.

ಮಾಂಸದ ಅಂಗಡಿಯವರು ನೆಲವನ್ನು ಮೊದಲು ಕೆರೆದು, ಗುಡಿಸಿ, ನಂತರವೇ ನೀರು ಹಾಕಲಿ. ಗ್ಯಾರೇಜಿನವರು ಪೈಪು ಬಿಟ್ಟು ಬಕೆಟು, ಒದ್ದೆ ಬಟ್ಟೆಯಲ್ಲಿ ಗಾಡಿ ಒರೆಸಲಿ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಅಲ್ಲಿನ ವಸತಿಗೃಹಗಳವರು, ಒಂದಕ್ಕಿಂತ ಹೆಚ್ಚು ದಿನ ತಂಗುವ ಅತಿಥಿಯನ್ನು ಕೇಳಿಯೇ ಹಾಸಿಗೆ ಬಟ್ಟೆ ಬದಲಿಸಲಿ. ಆದರೆ ಒಂದು ಎಚ್ಚರ: ಉಳಿತಾಯದ ಹೆಸರಿನಲ್ಲಿ ಸ್ವಚ್ಛತೆಗೆ ಕತ್ತರಿ ಹಾಕಬಾರದು. ಅಡುಗೆಯವರು ಸಾಬೂನು ಹಚ್ಚಿ ಕೈ ತೊಳೆಯುವ ನೀರು ವ್ಯರ್ಥವಲ್ಲ.

ಬೇಸಿಗೆಯ ಸಿದ್ಧತೆ ಮಳೆಗಾಲದಲ್ಲೇ ಆಗಬೇಕು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಗೋದಾಮಿನ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಸುರಿದರೆ 60,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರ್ ಕೈಗೆ ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಸೋಸಿ ತೊಟ್ಟಿಗೆ ತುಂಬಿಕೊಳ್ಳಬಹುದು. ಹೆಚ್ಚಾದದ್ದನ್ನು ಇಂಗುಗುಂಡಿಗೆ ಬಿಡಬಹುದು.

'ಹಣ ಕೊಟ್ಟು ತರಿಸುತ್ತೇನೆ, ಹೇಗಾದರೂ ಬಳಸುತ್ತೇನೆ' ಎನ್ನುವವರಿದ್ದಾರೆ. ಆದರೆ ಟ್ಯಾಂಕರಿನಲ್ಲಿ ಬರುವ ನೀರು ಆಕಾಶದಿಂದ ಇಳಿದದ್ದಲ್ಲ. ಹತ್ತಿರದ ಯಾವುದೋ ತೋಟದ ಕೊಳವೆಬಾವಿಯದು. ಅರಸೀಕೆರೆ ಸೀಮೆಯಲ್ಲಿ ಬರಕ್ಕೆ ಸಿಕ್ಕಿ ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೆಂಗು ಹೋದರೆ ಕೊಬ್ಬರಿ ಮಾರುಕಟ್ಟೆ ಹೋಯಿತು. ಮಾರುಕಟ್ಟೆ ಹೋದರೆ ನಮ್ಮ ಅಂಗಡಿಗೆ ಗಿರಾಕಿ ಎಲ್ಲಿಂದ ಬಂದಾನು? ಹರಿಯುವ ನದಿಯ ದಡದಲ್ಲಿದ್ದರೂ ವುಝೂವಿನಲ್ಲಿ ನೀರನ್ನು ದುಂದು ಮಾಡಬಾರದೆಂದು ಕಲಿತವರು ನಾವು. ಬತ್ತಿದ ಕೆರೆಯ ದಡದಲ್ಲಿ ನಮ್ಮ ಹೊಣೆ ಇನ್ನೆಷ್ಟು ದೊಡ್ಡದು!

ಆದ್ದರಿಂದ ಓದುಗರೇ, ಈ ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ಮುಗಿಸಿದ ಮೇಲೆ, ಬಾಗಿಲು ಎಳೆಯುವ ಮುನ್ನ, ಒಂದು ನಿಮಿಷ ಸುಮ್ಮನೆ ನಿಂತು ಕೇಳಿರಿ. ಎಲ್ಲಾದರೂ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿದರೆ, ಇಂದಿನ ಲೆಕ್ಕ ಇನ್ನೂ ಮುಗಿದಿಲ್ಲ.