ಚೆಲ್ಸಿಯ ಅತಿಥಿ, ಲೈಬೀರಿಯಾದ ಅಧ್ಯಕ್ಷ

2000ದ ಜನವರಿ 12ರಂದು ಲಂಡನ್ನಿನ ಸ್ಟ್ಯಾಂಫರ್ಡ್ ಬ್ರಿಜ್ ಕ್ರೀಡಾಂಗಣದಲ್ಲಿ ಚೆಲ್ಸಿ ಮತ್ತು ಟಾಟನ್‌ಹ್ಯಾಮ್ ತಂಡಗಳು ಗೋಲಿಲ್ಲದೆ ಸೆಣಸುತ್ತಿದ್ದಾಗ, ಬದಲಿ ಆಟಗಾರರಾಗಿ ಕಣಕ್ಕಿಳಿದವರು 33ರ ಹರೆಯದ ಜಾರ್ಜ್ ವೆಯಾ. ಇಟಲಿಯ ಮಿಲಾನ್ ತಂಡದಿಂದ ಎರವಲಾಗಿ ಆಗಷ್ಟೇ ಬಂದಿದ್ದ ಅವರಿಗೆ ಹೊಸ ಸಂಗಡಿಗರ ಪರಿಚಯವೂ ಸರಿಯಾಗಿ ಆಗಿರಲಿಕ್ಕಿಲ್ಲ. ಆದರೂ ಪಂದ್ಯದ ಕೊನೆಯ ಗಳಿಗೆಯಲ್ಲಿ ತಲೆಯಿಂದ ಚೆಂಡನ್ನು ಬಲೆಗೆ ಅಟ್ಟಿ ಗೆಲುವನ್ನು ದೊರಕಿಸಿದರು.

ಚೆಲ್ಸಿಯಲ್ಲಿ ಅವರಿದ್ದದ್ದು ಆ ಋತುವಿನ ಉಳಿದ ತಿಂಗಳುಗಳು ಮಾತ್ರ. ಲೀಗಿನಲ್ಲಿ 11 ಪಂದ್ಯ, 3 ಗೋಲು. ಮೇ 20ರಂದು ಹಳೆಯ ವೆಂಬ್ಲಿಯಲ್ಲಿ ನಡೆದ ಕೊನೆಯ ಎಫ್.ಎ. ಕಪ್ ಅಂತಿಮ ಪಂದ್ಯದಲ್ಲಿ ಆಸ್ಟನ್ ವಿಲ್ಲಾವನ್ನು 1-0ಯಿಂದ ಸೋಲಿಸಿದ ತಂಡದಲ್ಲಿ ಅವರೂ ಇದ್ದರು. ಅಲ್ಲಿಂದ ಮ್ಯಾಂಚೆಸ್ಟರ್ ಸಿಟಿಗೆ ಹೋದವರು, ಬದಲಿ ಆಟಗಾರರ ಬೆಂಚಿನಲ್ಲಿ ಕೂರಿಸಿದರೆಂದು ಬೇಸರಗೊಂಡು ಕೆಲವೇ ತಿಂಗಳಲ್ಲಿ ಹೊರನಡೆದರು. 1995ರಲ್ಲಿ ಜಗತ್ತಿನ ಶ್ರೇಷ್ಠ ಆಟಗಾರನೆನಿಸಿ, ಬ್ಯಾಲನ್ ಡಿ'ಓರ್ ಪಡೆದ ಮೊದಲ ಆಫ್ರಿಕನ್ ಆದವರಿಗೆ ಬೆಂಚು ಚುಚ್ಚಿದ್ದು ಸಹಜವೇ.

ಮನ್ರೋವಿಯಾದ ಕ್ಲಾರಾ ಟೌನ್ ಎಂಬ ಬಡ ಕೇರಿಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗ ಅವರು. 1988ರಲ್ಲಿ ಮೊನಾಕೊ ತಂಡದ ತರಬೇತುದಾರ ಆರ್ಸೆನ್ ವೆಂಗರ್ ಅವರನ್ನು ಯುರೋಪಿಗೆ ಕರೆಸಿಕೊಂಡರು. ತಾಯ್ನಾಡು ಅಂತರ್ಯುದ್ಧದಲ್ಲಿ ಬೇಯುತ್ತಿದ್ದಾಗ ರಾಷ್ಟ್ರೀಯ ತಂಡದ ಪ್ರಯಾಣ, ಉಡುಪಿನ ಖರ್ಚನ್ನೂ ವೆಯಾ ತಮ್ಮ ಜೇಬಿನಿಂದ ಭರಿಸಿದ್ದುಂಟು.

ಆದರೆ ಜನಪ್ರೀತಿಯಿಂದಲೇ ರಾಜ್ಯವಾಳಲು ಬರುವುದಿಲ್ಲ. 2005ರ ಅಧ್ಯಕ್ಷ ಚುನಾವಣೆಯಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ ಅವರ ಮುಂದೆ ಸೋತಾಗ ಮೋಸವಾಯಿತೆಂದು ಅವರು ದೂರಿದರು, ಬೆಂಬಲಿಗರು ಬೀದಿಗಿಳಿದರು. ಯುದ್ಧ ಮುಗಿದು ಎರಡೇ ವರ್ಷವಾಗಿದ್ದ ದೇಶದಲ್ಲಿ ಅದು ಕಿಡಿಯೊಡನೆ ಆಡಿದಂತೆ ಎಂದೇ ನಮ್ಮ ಎಣಿಕೆ. ಕೊನೆಗೆ ಅವರು ದೂರನ್ನು ಹಿಂತೆಗೆದುಕೊಂಡರು. ಓದು ಸಾಲದೆಂಬ ಮೂದಲಿಕೆ ಕೇಳಿದ್ದರಿಂದ ಅಮೆರಿಕದಲ್ಲಿ ವ್ಯಾಸಂಗ ಮಾಡಿ ಪದವಿ ಪಡೆದರು. 2014ರಲ್ಲಿ ಸೆನೆಟರ್ ಆದರು. 2017ರ ಡಿಸೆಂಬರಿನಲ್ಲಿ ಜೋಸೆಫ್ ಬೊಅಕಾಯಿ ಅವರನ್ನು ಸೋಲಿಸಿ, 2018ರ ಜನವರಿ 22ರಂದು ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು.

ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗಳ ಬೋಧನಾ ಶುಲ್ಕವನ್ನು ತೆಗೆದುಹಾಕಿದ್ದು ಅವರ ಆಡಳಿತದ ಒಳ್ಳೆಯ ಕೆಲಸ. ಭ್ರಷ್ಟಾಚಾರದ ಆರೋಪಗಳು ಮಾತ್ರ ಬೆನ್ನು ಬಿಡಲಿಲ್ಲ. 2022ರಲ್ಲಿ ಅವರ ಸರಕಾರದ ಮೂವರು ಹಿರಿಯ ಅಧಿಕಾರಿಗಳ ಮೇಲೆ ಅಮೆರಿಕ ನಿರ್ಬಂಧ ಹೇರಿತು. ಅದೇ ವರ್ಷ ವಿದೇಶ ಪ್ರವಾಸದ ನಡುವೆ ಕತಾರಿನ ವಿಶ್ವಕಪ್ ನೋಡಲು ಹೋಗಿ ವಾರಗಟ್ಟಲೆ ದೇಶದಿಂದ ದೂರವಿದ್ದುದಕ್ಕೆ ಟೀಕೆಯೂ ಬಂತು. ಅಲ್ಲಿ ಅಮೆರಿಕದ ಪರ ಆಡಿದ ಮಗ ತಿಮೊಥಿ, ವೇಲ್ಸ್ ವಿರುದ್ಧ ಗೋಲು ಹೊಡೆದ. ತಂದೆಗೆ ವಿಶ್ವಕಪ್‌ನಲ್ಲಿ ಆಡುವ ಭಾಗ್ಯ ಒಮ್ಮೆಯೂ ಒದಗಿರಲಿಲ್ಲ. ಅಧ್ಯಕ್ಷರನ್ನು ಟೀಕಿಸಬಹುದು, ಆ ತಂದೆಯನ್ನು ಟೀಕಿಸಲು ನಮಗೆ ಮನಸ್ಸು ಬಾರದು.

2023ರ ನವೆಂಬರಿನ ಎರಡನೇ ಸುತ್ತಿನಲ್ಲಿ ಮತ್ತೆ ಎದುರಾದವರು ಅದೇ ಬೊಅಕಾಯಿ. ಮತ ಎಣಿಕೆಯ ಅಂತರ ಶೇಕಡಾ ಎರಡಕ್ಕಿಂತಲೂ ಕಡಿಮೆ. ಸೈನ್ಯವೂ ಸರಕಾರವೂ ಕೈಯಲ್ಲಿದ್ದವು. ನೆರೆಯ ಗಿನಿಯಲ್ಲಿ ಎರಡು ವರ್ಷಗಳ ಹಿಂದಷ್ಟೇ ಸೈನಿಕರು ಅಧಿಕಾರ ಕಸಿದುಕೊಂಡಿದ್ದರು. ಅಂತಿಮ ಫಲಿತಾಂಶದ ಘೋಷಣೆಗೆ ಮೊದಲೇ, ನವೆಂಬರ್ 17ರ ಸಂಜೆ ವೆಯಾ ಎದುರಾಳಿಗೆ ದೂರವಾಣಿ ಕರೆಮಾಡಿ ಅಭಿನಂದಿಸಿದರು. ಬಳಿಕ ರೇಡಿಯೋದಲ್ಲಿ ಮಾತನಾಡಿ, ತಮ್ಮ ಪಕ್ಷ ಸೋತಿದ್ದರೂ ಲೈಬೀರಿಯಾ ಗೆದ್ದಿದೆ ಎಂದು ಜನರಿಗೆ ತಿಳಿಸಿದರು. 2024ರ ಜನವರಿ 22ರಂದು ಬೊಅಕಾಯಿ ಅಧಿಕಾರ ವಹಿಸಿಕೊಂಡರು.