ಕಾಂಬಿನೇಷನ್ ಆಯ್ಕೆಯೂ ವಾರದ ಗಂಟೆಗಳ ಲೆಕ್ಕವೂ

ಪದವಿ ತರಗತಿಗೆ ಸೇರುವ ವಿದ್ಯಾರ್ಥಿಗಳೂ ಅವರ ಪೋಷಕರೂ ಕಾಂಬಿನೇಷನ್ ಬಗ್ಗೆ, ಅಂದರೆ ಒಟ್ಟಿಗೆ ಓದಬೇಕಾದ ಐಚ್ಛಿಕ ವಿಷಯಗಳ ಗುಂಪಿನ ಬಗ್ಗೆ, ಹಲವರನ್ನು ವಿಚಾರಿಸುತ್ತಾರಾದರೂ, ಆ ಗುಂಪು ವಾರಕ್ಕೆ ಎಷ್ಟು ಗಂಟೆಗಳ ದುಡಿಮೆಯನ್ನು ಬೇಡುತ್ತದೆ ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಬೇಕಾದ ಮಾಹಿತಿ ಪಠ್ಯಕ್ರಮದ ಪುಸ್ತಿಕೆಯಲ್ಲಿ ಪ್ರತಿ ಪತ್ರಿಕೆಯ ಎದುರಿಗೆ ಮುದ್ರಿತವಾಗಿರುವ ಕ್ರೆಡಿಟ್ ಸಂಖ್ಯೆಯಲ್ಲೇ ಇರುತ್ತದೆ.

ಕಲಿಕೆಯ ಹೊರೆಯನ್ನು ಸಮಯದಲ್ಲಿ ಅಳೆಯುವ ಮಾನವೇ ಕ್ರೆಡಿಟ್. ವಿದ್ಯಾರ್ಥಿಯೇ ವಿಷಯಗಳನ್ನು ಆರಿಸಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಬೆಳೆದದ್ದು, ಅದರಲ್ಲಿಯೂ 1869ರಲ್ಲಿ ಹಾರ್ವರ್ಡ್ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ ಅವರ ಕಾಲದಲ್ಲಿ; ಬೇರೆ ಬೇರೆ ಪಾಠಗಳನ್ನು ಓದಿದವರಿಗೆ ಒಂದೇ ಪದವಿಯನ್ನು ಕೊಡಬೇಕಾದಾಗ ಅವುಗಳನ್ನು ತೂಗಲು ಸಮಾನ ಅಳತೆಯೊಂದು ಅಗತ್ಯವಾಯಿತು. ಆದರೆ ಆಯ್ಕೆಯ ಸ್ವಾತಂತ್ರ್ಯ ಚದುರಿದ ಓದಿಗೆ ದಾರಿಯಾಯಿತೆಂಬ ಟೀಕೆ ಬಂದು, 1909ರಲ್ಲಿ ಎಲಿಯಟ್ ಅವರ ಸ್ಥಾನಕ್ಕೆ ಬಂದ ಲಾರೆನ್ಸ್ ಲೊವೆಲ್, ಒಂದು ವಿಷಯವನ್ನು ಆಳವಾಗಿಯೂ ಉಳಿದ ಕ್ಷೇತ್ರಗಳನ್ನು ಹರವಾಗಿಯೂ ಓದಬೇಕೆಂಬ ನಿಯಮವನ್ನು ಮುಂದಿಟ್ಟರು.

ಭಾರತದಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ ಹದಿನೈದು ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆಯ ಪಾಠ ಅಥವಾ ಎರಡು ಗಂಟೆಯ ಪ್ರಾಯೋಗಿಕ ತರಗತಿ ಒಂದು ಕ್ರೆಡಿಟ್‌ಗೆ ಸಮ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದಕ್ಕೆ ಮನೆಯ ಓದು, ಬರವಣಿಗೆ, ಪರೀಕ್ಷೆಯ ಸಿದ್ಧತೆಗಳನ್ನೂ ಸೇರಿಸಿ, ಒಂದು ಕ್ರೆಡಿಟ್‌ಗೆ ಒಟ್ಟು 30 ಗಂಟೆಗಳ ಕಲಿಕೆಯನ್ನು ನಿಗದಿಪಡಿಸಿದೆ. ಹಾಗಾದರೆ 20 ಕ್ರೆಡಿಟ್‌ಗಳ ಸೆಮಿಸ್ಟರ್ ಎಂದರೆ 600 ಗಂಟೆ, ಅಂದರೆ ವಾರಕ್ಕೆ 40 ಗಂಟೆ. ಕಚೇರಿಯ ಪೂರ್ಣಾವಧಿ ಉದ್ಯೋಗಕ್ಕೆ ಇದು ಹೆಚ್ಚುಕಡಿಮೆ ಸಮ.

ಈ 40 ಗಂಟೆ ಎಲ್ಲರಿಗೂ ಒಂದೇ ರೀತಿ ಹಂಚಿಕೆಯಾಗುವುದಿಲ್ಲ ಎಂಬಲ್ಲಿ ನಿಜವಾದ ತೊಡಕಿದೆ. ಬರಿಯ ಪಾಠಗಳೇ ಇರುವ ಬಿ.ಎ. ವಿದ್ಯಾರ್ಥಿಗೆ 20 ಕ್ರೆಡಿಟ್‌ಗೆ ತರಗತಿಯ ಅವಧಿ 20 ಗಂಟೆಯಾದರೆ, ಮೂರು ವಿಷಯಗಳಲ್ಲಿಯೂ ಎರಡೆರಡು ಕ್ರೆಡಿಟ್‌ಗಳ ಪ್ರಾಯೋಗಿಕ ತರಗತಿಯಿರುವ ಬಿ.ಎಸ್ಸಿ. ವಿದ್ಯಾರ್ಥಿಗೆ ಪಾಠಕ್ಕೆ 14, ಪ್ರಯೋಗಾಲಯಕ್ಕೆ 12 ಸೇರಿ 26 ಗಂಟೆಯಾಗುತ್ತದೆ. ಇದರ ಮೇಲೆ ಪ್ರಾಕ್ಟಿಕಲ್ ರೆಕಾರ್ಡ್ ಇದೆ: ಸಸ್ಯಶಾಸ್ತ್ರದ ರೆಕಾರ್ಡಿನಲ್ಲಿ ಕಾಂಡದ ಅಡ್ಡಕೊಯ್ತದ ಚಿತ್ರವನ್ನು ಪೆನ್ಸಿಲ್ಲಿನಲ್ಲಿ ಬಿಡಿಸಿ ಭಾಗಗಳನ್ನು ಗುರುತಿಸುವುದು, ಭೌತಶಾಸ್ತ್ರದಲ್ಲಿ ಅಳತೆಗಳ ಕೋಷ್ಟಕ ತುಂಬಿ ಗ್ರಾಫ್ ಎಳೆಯುವುದು, ಅನಂತರ ಅಧ್ಯಾಪಕರ ಸಹಿ ಪಡೆಯುವುದು ಇವೆಲ್ಲ ವೇಳಾಪಟ್ಟಿಯಲ್ಲಿ ಎಲ್ಲಿಯೂ ಕಾಣದಿದ್ದರೂ ಸಂಜೆಗಳನ್ನು ನುಂಗುತ್ತವೆ. ಹಳ್ಳಿಯಿಂದ ಬಂದುಹೋಗುವವರಿಗೆ ದಿನಕ್ಕೆ ಎರಡು ಗಂಟೆಯ ಬಸ್ ಪ್ರಯಾಣವಿದ್ದರೆ ವಾರಕ್ಕೆ 12 ಗಂಟೆ ಅಲ್ಲಿಗೇ ಸಂದಿತು. ಕರ್ನಾಟಕದಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ ಪ್ರಯಾಣವನ್ನು ಉಚಿತಗೊಳಿಸಿ 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಪ್ರಯಾಣದ ಖರ್ಚನ್ನು ಇಳಿಸಿದೆಯೇ ಹೊರತು ಸಮಯವನ್ನಲ್ಲ.

ಕರ್ನಾಟಕದ ಕಾಲೇಜುಗಳಲ್ಲಿ ವೇಳಾಪಟ್ಟಿಯನ್ನು ರಚಿಸುವುದು ಕಾಲೇಜೇ ಆದುದರಿಂದ, ಬೆಳಗಿನ ತರಗತಿ ಬೇಡ, ಮಧ್ಯಾಹ್ನದ್ದು ಸಾಕು ಎನ್ನುವ ಅವಕಾಶ ಇಲ್ಲಿಲ್ಲ. ವಿದ್ಯಾರ್ಥಿಯ ಕೈಯಲ್ಲಿರುವುದು ಕಾಂಬಿನೇಷನ್, ಭಾಷೆ ಮತ್ತು ಲಭ್ಯವಿರುವ ಕೆಲವು ಆಯ್ಕೆ ಪತ್ರಿಕೆಗಳು ಮಾತ್ರ. ಕಾಂಬಿನೇಷನ್ನಿನ ಪರಿಣಾಮವಂತೂ ಪದವಿಯ ಆಚೆಗೂ ಚಾಚುತ್ತದೆ. ಎಂ.ಎಸ್ಸಿ. ಪ್ರವೇಶಕ್ಕೆ ಆ ವಿಷಯವನ್ನು ಸಾಮಾನ್ಯವಾಗಿ ಪದವಿಯಲ್ಲಿ ಓದಿರಬೇಕಾಗುತ್ತದೆ. ಪ್ರೌಢಶಾಲಾ ಶಿಕ್ಷಕರ ಹುದ್ದೆಗಳಲ್ಲಿ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೂ, ಸಿಬಿಝೆಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರಿಗೂ ಬೇರೆ ಬೇರೆ ಹುದ್ದೆಗಳಿರುತ್ತವೆ. ಸ್ನೇಹಿತರು ಬೇರೆ ಕಾಂಬಿನೇಷನ್ನಿಗೆ ಸೇರಿದರೆಂಬ ಕಾರಣಕ್ಕೆ ಗಣಿತವನ್ನು ಕೈಬಿಟ್ಟವರಿಗೆ ಇದು ಅರಿವಾಗುವುದು ಅರ್ಜಿ ತುಂಬುವ ಹೊತ್ತಿಗೆ.

ಕಾಲೇಜಿನ ಪತ್ರಿಕೆಗಳ ಜೊತೆಗೆ ಸ್ವಯಂ ಎಂಬ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆಯಲ್ಲಿ ಹೆಚ್ಚುವರಿ ಕೋರ್ಸ್ ಮಾಡುವುದು ಒಳ್ಳೆಯದೇ ಆದರೂ, ಅದರ ಅಂತಿಮ ಪರೀಕ್ಷೆ ಕಾಲೇಜಿನ ಪರೀಕ್ಷೆಯ ಆಸುಪಾಸಿಗೆ ಬರುತ್ತದೆಯೇ ಎಂದು ನೋಂದಣಿಗೆ ಮೊದಲೇ ನೋಡುವುದು ಲೇಸು.

ಹಿರಿಯ ವಿದ್ಯಾರ್ಥಿಗಳ ಸಲಹೆಯನ್ನು ಇಂದು ಸ್ವಲ್ಪ ಎಚ್ಚರದಿಂದ ಸ್ವೀಕರಿಸಬೇಕಾಗಿದೆ. 2021ರಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ವ್ಯವಸ್ಥೆ ರಾಜ್ಯದಲ್ಲಿ ಜಾರಿಗೆ ಬಂದು, 2024ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೆ ಮರಳಿದ್ದರಿಂದ, ಒಂದೇ ಕಾಲೇಜಿನಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಓದಿದವರ ಪಠ್ಯಕ್ರಮಗಳೂ ಬೇರೆ ಬೇರೆಯಾಗಿವೆ. ಆದುದರಿಂದ ಪ್ರವೇಶದ ಕೊನೆಯ ದಿನಾಂಕಕ್ಕೆ ಮುನ್ನ ವಿದ್ಯಾರ್ಥಿಗಳೂ ಪೋಷಕರೂ ತಮ್ಮ ವರ್ಷಕ್ಕೆ ಅನ್ವಯಿಸುವ ಪುಸ್ತಿಕೆಯನ್ನೇ ಕಾಲೇಜಿನಿಂದ ಕೇಳಿ ಪಡೆದು, ಅದರಲ್ಲಿರುವ ಕ್ರೆಡಿಟ್‌ಗಳನ್ನು ಗಂಟೆಗಳಾಗಿ ಬದಲಿಸಿ, ಪ್ರಯಾಣದ ಅವಧಿಯನ್ನೂ ಕೂಡಿಸಿ ನೋಡಿದ ಮೇಲೆಯೇ ಅರ್ಜಿಗೆ ಸಹಿ ಹಾಕಲಿ.